ಬಿಲ್ಲಿಲ್ಲದ ಭಾವನ ಬಾಣಗಳು

ನಮ್ಮ ಭಾವನಷ್ಟು ಸಾಧುವಾದ ಬೇಟೆಗಾರ ಇಡೀ ಅಬುಧಾಬಿಯಲ್ಲಿ ಇನ್ನೊಬ್ಬರು ಸಿಗಲಾರರು. ಅವರು ಈವರೆಗೆ ಕೊಂದ ಪ್ರಾಣಿ ಒಂದೂ ಇಲ್ಲ. ಮನೆಯಲ್ಲಿ ಜಿರಳೆ ಕಂಡರೆ ಪೊರಕೆ ಹಿಡಿಯುವವಳು ನನ್ನ ಅಕ್ಕ. ಭಾವ ಹೋಗಿ ಬಾಗಿಲು ತೆಗೆದು ನಿಂತು ಅದಕ್ಕೆ ಹೊರಗಿನ ದಾರಿ ತೋರಿಸುತ್ತಾರೆ. ಮೀನು ತಿನ್ನುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಾರ್ಕೆಟಿನಲ್ಲೇ ತಲೆ ತೆಗೆಸಿಕೊಂಡು ತರುತ್ತಾರೆ, ಅದು ದಾರಿಯುದ್ದಕ್ಕೂ ತಮ್ಮನ್ನೇ ನೋಡುತ್ತದೆ ಎಂದು! ಇಂಥವರ ಮನೆಯಲ್ಲಿ, ಬನಿಯಾಸಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಒಂದು ಕಾಲಕ್ಕೆ ಅರವತ್ತನಾಲ್ಕು ಬೇಟೆಯ ಬಾಣಗಳಿದ್ದವು. ಬಿಲ್ಲು? ಬಿಲ್ಲು ಇರಲಿಲ್ಲ.

ಬಿಲ್ಲಿಲ್ಲದೆ ಬಾಣ ಯಾಕೆ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿ, ಕೇಳಿಯೂ ಬಿಟ್ಟಿದ್ದೆ.

"ಚಪ್ಪಲಿ ಹೊಲಿಯುವವನಿಗೆ ಎಷ್ಟು ಕಾಲುಂಟು?" ಎಂದು ಭಾವ ನನ್ನನ್ನೇ ತಿರುಗಿ ಕೇಳಿದರು.

ಭಾವನ ಕಸುಬು ಹಲ್ಲು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದ ಮೇಲೆ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ತಯಾರಿಸುವವರು. ಉಡುಪಿ ಕಡೆಯಿಂದ ಬಂದು ಇಪ್ಪತ್ತು ವರ್ಷ ಇದೇ ಕೆಲಸ. ಅವರು ಮಾಡಿದ ಹಲ್ಲಿನಲ್ಲಿ ಈ ದೇಶದ ಎಷ್ಟೋ ಜನ ಖರ್ಜೂರ ಜಗಿಯುತ್ತಿದ್ದಾರೆ, ನಗುತ್ತಿದ್ದಾರೆ, ಜಗಳವಾಡುತ್ತಿದ್ದಾರೆ. ಆದರೆ ಅವರಲ್ಲಿ ಒಬ್ಬರೂ ಭಾವನ ಮುಖ ನೋಡಿದವರಲ್ಲ. ಲ್ಯಾಬಿಗೆ ಅಚ್ಚು ಬರುತ್ತದೆ, ಬಾಯಿ ಬರುವುದಿಲ್ಲ.

ಹಾಗಿರುವಾಗ ಒಂದು ದಿನ ಒಂದು ಬಾಯಿ ಲ್ಯಾಬನ್ನೇ ಹುಡುಕಿಕೊಂಡು ಬಂತು. ಎಪ್ಪತ್ತು ದಾಟಿದ ಒಬ್ಬ ಅರಬರು, ಕಾಲಿನವರೆಗಿನ ಬಿಳಿ ಕಂದೂರ ನಿಲುವಂಗಿ, ಕೈಯಲ್ಲಿ ಉದ್ದನೆಯ ಚೀಲ. ರಿಸೆಪ್ಷನ್ನಿನವರು ತಡೆದರೂ ಕೇಳದೆ ಒಳಗೆ ಬಂದು, ನನ್ನ ಹಲ್ಲು ಮಾಡಿದ್ದು ಯಾರು ಎಂದು ಕೇಳಿದರಂತೆ. ಭಾವನ ಜೀವ ಬಾಯಿಗೆ ಬಂತು. ಹಲ್ಲು ಕಚ್ಚುತ್ತದೆಯೋ, ಸಡಿಲವೋ, ಕೆಲಸ ಹೋಯಿತೋ ಎಂದು ಎದ್ದು ನಿಂತರು. ಆ ಹಿರಿಯರು ತಮ್ಮ ಸೆಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿ, ಮೂರು ವರ್ಷವಾಯಿತು, ಒಂದೂ ಅಲುಗಿಲ್ಲ ಎಂದರು. ಆಮೇಲೆ ಚೀಲದಿಂದ ಹನ್ನೆರಡು ಬಾಣ ತೆಗೆದು ಮೇಜಿನ ಮೇಲಿಟ್ಟರು. ಬಾಣಗಳ ಬಾಲದಲ್ಲಿದ್ದ ಪ್ಲಾಸ್ಟಿಕ್ ಗರಿಗಳು ಕೆಲವು ಹರಿದಿದ್ದವು, ಕೆಲವು ಬಿದ್ದೇ ಹೋಗಿದ್ದವು. ಹಲ್ಲು ಅಂಟಿಸುವವನಿಗೆ ಇದೇನು ಕಷ್ಟ, ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ, ಅಂಟಿಸಿಕೊಡು ಎಂದರು.

"ಹಲ್ಲು ಅಂಟಿಸುದಲ್ಲ, ಕೂರಿಸುದು ಅಂತ ಹೇಳ್ಬೇಕೂಂತ ಇತ್ತು," ಎಂದು ಭಾವ ಆಮೇಲೆ ನನ್ನಲ್ಲಿ ಹೇಳಿಕೊಂಡರು. "ಆದ್ರೆ ಅಷ್ಟು ದೊಡ್ಡ ಪ್ರಾಯದವರು ಹುಡ್ಕಿಕೊಂಡು ಬಂದದ್ದು. ಆಯ್ತು ಹೇಳಿದೆ."

ಆ ಹಿರಿಯರನ್ನು ನಾವೆಲ್ಲ ಹಾಜಿ ಎಂದೇ ಕರೆಯುತ್ತಿದ್ದೆವು. ಈ ದೇಶದಲ್ಲಿ ಈಗ ಬಿಲ್ಲು ಹಿಡಿದು ಬೇಟೆಗೆ ಹೊರಡುವ ಹಾಗಿಲ್ಲ. ಹಾಜಿಯವರು ಊರ ಹೊರಗೆ ಬಿಲ್ಲಿನ ಅಭ್ಯಾಸಕ್ಕೆಂದೇ ಇರುವ ಒಂದು ರೇಂಜಿನಲ್ಲಿ ಫೋಮಿನ ಜಿಂಕೆ, ಫೋಮಿನ ಕರಡಿಗಳಿಗೆ ಹೊಡೆದು ಆಸೆ ತೀರಿಸಿಕೊಳ್ಳುತ್ತಿದ್ದರು. ಬಿಲ್ಲು ಮಾತ್ರ ನಿಜವಾದ ಬೇಟೆಯದ್ದು: ಕಾಂಪೌಂಡ್ ಬಿಲ್ಲು. ಎರಡು ತುದಿಗೂ ಗಾಲಿ, ಗಾಲಿಯಿಂದ ಗಾಲಿಗೆ ತಂತಿ, ನಮ್ಮ ಹಳೆಯ ಚಿತ್ರಪಟಗಳ ಬಿಲ್ಲಿಗೂ ಇದಕ್ಕೂ ಎತ್ತಿನಗಾಡಿಗೂ ಕ್ರೇನಿಗೂ ಇರುವಷ್ಟು ಸಂಬಂಧ!

ಭಾವ ಹನ್ನೆರಡೂ ಬಾಣಗಳಿಗೆ ಗರಿ ಅಂಟಿಸಿ ಕೊಟ್ಟರು. ಮುಂದಿನ ವಾರವೇ ಹಾಜಿ ವಾಪಸು ತಂದರು. ಹನ್ನೆರಡರಲ್ಲಿ ಒಂಬತ್ತರ ಗರಿ ಉದುರಿತ್ತು. ಅವರೇನೂ ಕೋಪಿಸಿಕೊಳ್ಳಲಿಲ್ಲ, ನಗುತ್ತಲೇ ಕೊಟ್ಟು ಹೋದರು. ಆದರೆ ಇಪ್ಪತ್ತು ವರ್ಷದಲ್ಲಿ ತಾನು ಕೂರಿಸಿದ ಒಂದು ಹಲ್ಲೂ ಬಿದ್ದಿಲ್ಲವೆಂದು ತಲೆ ಎತ್ತಿ ನಡೆಯುತ್ತಿದ್ದ ಮನುಷ್ಯನಿಗೆ ಹೇಗಾಗಿರಬೇಡ? ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಗೋಂದು ಬದಲಿಸಿದರು, ಬಿತ್ತು. ಬಾಣದ ಕಡ್ಡಿಯನ್ನು ಉಜ್ಜಿ ಉಜ್ಜಿ ನೋಡಿದರು, ಬಿತ್ತು. ಕೊನೆಗೆ ತಪ್ಪು ಎಲ್ಲಿದೆಯೆಂದು ಕಂಡುಹಿಡಿದವಳು ಅಕ್ಕ. ಭಾವನಿಗೆ ಯೋಚನೆ ಮಾಡುವಾಗ ತಲೆ ಕೆರೆದುಕೊಳ್ಳುವ ಅಭ್ಯಾಸ. ತಲೆಗೆ ಊರಿನ ತೆಂಗಿನೆಣ್ಣೆ ಹಚ್ಚದೆ ಅವರು ಹೊರಗೆ ಕಾಲಿಟ್ಟವರಲ್ಲ. ಯೋಚಿಸಿ ಯೋಚಿಸಿ ಅಂಟಿಸಿದ ಒಂದೊಂದು ಗರಿಯ ಅಡಿಯಲ್ಲೂ ಒಂದೊಂದು ತೊಟ್ಟು ತೆಂಗಿನೆಣ್ಣೆ!

ಅಂದಿನಿಂದ ಗರಿಯ ದಿನ ಭಾವನ ವೇಷವೇ ಬೇರೆಯಾಯಿತು. ಸ್ನಾನದ ಪ್ಲಾಸ್ಟಿಕ್ ಟೋಪಿ, ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಲ್ಯಾಬಿನ ಭೂತಗನ್ನಡಿ. ಮಗಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುದರಿಂದ ಅವಳ ಕೋಣೆ ಖಾಲಿಯಿತ್ತು, ಅದೇ ಕಾರ್ಖಾನೆ. ಫ್ಯಾನು ಹಾಕುವ ಹಾಗಿಲ್ಲ, ಧೂಳು ಕೂರುತ್ತದೆ. ಬಾಗಿಲು ದಡಾರನೆ ಹಾಕುವ ಹಾಗಿಲ್ಲ, ಮೇಜು ಅಲುಗುತ್ತದೆ. ಅಕ್ಕನ ಉಗುರುಬಣ್ಣ ತೆಗೆಯುವ ದ್ರಾವಣದ ಬಾಟಲಿ ಮೊದಲ ವಾರವೇ ಖಲಾಸ್. ಬಾಣದ ಕಡ್ಡಿ ಒರೆಸಲಿಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲವಂತೆ. ಒಂದು ಗರಿಯನ್ನು ಇಕ್ಕಳದಲ್ಲಿ ಹಿಡಿದು, ಅದರ ಬುಡಕ್ಕೆ ಗೋಂದಿನ ಕೂದಲಿನಂಥ ಗೆರೆ ಎಳೆದು, ಕಡ್ಡಿಯ ಮೇಲೆ ಇಳಿಸಿ, ಅರವತ್ತರವರೆಗೆ ಎಣಿಸಬೇಕು. ಎಣಿಸುವಾಗ ಮಾತಿಲ್ಲ. ನಾನೊಮ್ಮೆ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಾ ನನಗರಿವಿಲ್ಲದೆ ಉಸಿರು ಹಿಡಿದುಕೊಂಡಿದ್ದೆ. ಗರಿ ಕೂತ ಮೇಲೆ ಭಾವ ಬಾಣವನ್ನು ಎರಡು ಬೆರಳ ಉಗುರಿನ ಮೇಲಿಟ್ಟು ತಿರುಗಿಸಿದರು. ಮೂರು ಗರಿಗಳೂ ಒಂದೇ ಬಳೆಯಾಗಿ ಕಂಡವು. ಎಲ್ಲೂ ಒಂದು ನಡುಕವಿಲ್ಲ. ಮನುಷ್ಯರ ಕೈ ಇಷ್ಟು ಕರಾರುವಾಕ್ಕಾಗಿ ಕೆಲಸ ಮಾಡಬಲ್ಲದೆಂದು ನನಗೆ ಅಂದೇ ಗೊತ್ತಾದದ್ದು.

ಆದರೂ ಸಣ್ಣಬುದ್ಧಿ ಸುಮ್ಮನಿರುತ್ತದೆಯೇ? ಇಷ್ಟು ಸಣ್ಣ ಗರಿಗೆ ಇಷ್ಟು ದೊಡ್ಡ ಆರ್ಭಟ ಯಾಕೆ, ಚೂಪು ಇರುವುದು ಮುಂದಲ್ಲವೇ ಎಂದೆ. ಭಾವ ಮುಂದಿನ ಶುಕ್ರವಾರ ನನ್ನನ್ನು ರೇಂಜಿಗೆ ಕರೆದುಕೊಂಡು ಹೋದರು. ಹಾಜಿಯವರ ಕೈಗೆ ಗರಿಯೇ ಇಲ್ಲದ ಒಂದು ಬರಿ ಕಡ್ಡಿ ಕೊಟ್ಟು ಹೊಡೆಯಲು ಹೇಳಿದರು. ಐವತ್ತು ವರ್ಷ ಬಿಲ್ಲು ಹಿಡಿದ ಹಾಜಿ, ಹದಿನೈದು ಹೆಜ್ಜೆಯಲ್ಲಿದ್ದ ಫೋಮಿನ ಕರಡಿ. ಕಡ್ಡಿ ಬಾಲ ಅಲ್ಲಾಡಿಸುತ್ತ, ಕುಡಿದವನ ಹಾಗೆ ಅಡ್ಡಡ್ಡ ಹೋಗಿ ಮರಳಿನಲ್ಲಿ ಮಲಗಿತು. ಆಮೇಲೆ ಗರಿ ಇದ್ದದ್ದನ್ನು ಹೊಡೆದರು. ಅದು ಕರಡಿಯ ಎದೆಯಲ್ಲಿತ್ತು.

"ಮುಂದಿನ ಚೂಪು ಚುಚ್ಚುದು ಮಾತ್ರ," ಎಂದರು ಭಾವ. "ಎಲ್ಲಿಗೆ ಹೋಗ್ಬೇಕೂಂತ ನೆನಪಿಟ್ಟುಕೊಳ್ಳುದು ಹಿಂದಿದ್ದದ್ದು."



ಇಷ್ಟೆಲ್ಲ ತಿಳಿದವರು ಬಿಲ್ಲು ಹಿಡಿದರೆ ಹೇಗಿರಬಹುದು! ಹಾಜಿಯವರಿಗೂ ಆ ಕುತೂಹಲ. ರೇಂಜಿನಲ್ಲೇ ಇಟ್ಟಿದ್ದ ತಮ್ಮ ಇನ್ನೊಂದು ಬಿಲ್ಲನ್ನು ಭಾವನಿಗೆ ಕೊಟ್ಟರು. ಅದರ ತಿರುಪು ಬಿಗಿ ಮಾಡಿದರೆ ಎಳೆತದ ಬಿಗಿ ಹೆಚ್ಚುತ್ತದೆ, ಸಡಿಲಿಸಿದರೆ ಮಗುವೂ ಎಳೆಯಬಹುದು. ಭಾವ ಕಾಲು ಅಗಲಿಸಿ ನಿಂತರು, ಎಳೆದರು, ಗುರಿ ಹಿಡಿದರು, ಬಿಡುವ ಕ್ಷಣಕ್ಕೆ ಸರಿಯಾಗಿ ಎರಡು ಕಣ್ಣೂ ಮುಚ್ಚಿಕೊಂಡರು. ಬಾಣ ಅದ್ಭುತವಾಗಿ ನೆಟ್ಟಗೆ ಹೋಯಿತು. ಕರಡಿಯ ಕಡೆಗಲ್ಲ ಅಷ್ಟೆ. ಹತ್ತು ಬಾಣ ಬಿಟ್ಟರು; ಹತ್ತೂ ನೆಟ್ಟಗೆ, ಹತ್ತೂ ಹತ್ತು ಕಡೆಗೆ. ರೇಂಜಿನ ಮೂಲೆಯಲ್ಲಿ ಒಂದು ಫೋಮಿನ ಟರ್ಕಿ ಕೋಳಿ ಇತ್ತು, ಸುಲಭದ ಗುರಿ. ಅದಕ್ಕೆ ಹೊಡೆಯಿರಿ ಎಂದರೆ ಭಾವ ಒಪ್ಪಲಿಲ್ಲ. ಬೇಟೆಯವರು ಟರ್ಕಿಯ ಗರಿಯನ್ನೇ ಬಾಣಕ್ಕೆ ಕಟ್ಟುತ್ತಾರಂತೆ. ಗರಿ ಕೊಟ್ಟದ್ದಕ್ಕೇ ಬಾಣ ಬಿಡುವುದು ಯಾವ ನ್ಯಾಯ ಎಂದು ಬಿಲ್ಲು ಕೆಳಗಿಟ್ಟರು.

ಆ ದಿನ ಅಕ್ಕನೂ ಬಂದಿದ್ದಳು, ಬುತ್ತಿ ಹಿಡಿದುಕೊಂಡು. ಅಕ್ಕ ಒಂದು ಶಾಲೆಯಲ್ಲಿ ಹಿಂದಿ ಟೀಚರು. ನಾಚಿಕೆಯವಳು, ಫೋಟೋ ತೆಗೆಯುವಾಗಲೂ ಯಾರದ್ದಾದರೂ ಹಿಂದೆ ನಿಲ್ಲುವವಳು. ಬಿಲ್ಲನ್ನು ಎತ್ತಿಡಲು ಹೋದವಳನ್ನು ಕಂಡು ಹಾಜಿ, ಒಮ್ಮೆ ಎಳೆದು ನೋಡು ಮಗಳೇ ಎಂದರು. ತಿರುಪು ಸಡಿಲಿಸಿ ಕೊಟ್ಟರು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಕೈ ಎತ್ತಿ ಬರೆದ ಭುಜವಲ್ಲವೇ? ಬಿಲ್ಲು ಅಲುಗಲಿಲ್ಲ. ಅವಳು ಕಣ್ಣು ಮುಚ್ಚಲಿಲ್ಲ. ಬಾಣ ಹೋಗಿ ಕರಡಿಯ ಹೊಟ್ಟೆಯಲ್ಲಿ ನಿಂತಿತು. ಅಕ್ಕ ಗಾಬರಿಯಾಗಿ ಸಾರಿ ಎಂದಳು. ಯಾರಿಗೆ ಹೇಳಿದಳೋ, ಕರಡಿಗೇ ಇರಬೇಕು.

ಅಲ್ಲಿಗೆ ಭಾವ ಬಿಲ್ಲು ಮುಟ್ಟುವುದನ್ನು ಬಿಟ್ಟರು. ಅಕ್ಕ ಪ್ರತಿ ಶುಕ್ರವಾರ ಹೊಡೆಯಲು ಹೋಗತೊಡಗಿದಳು. ಭಾವನ ಹುಚ್ಚು ಶುರುವಾದದ್ದೂ ನಿಜವಾಗಿ ಅಲ್ಲಿಂದಲೇ.

ಹಾಜಿಯವರ ಬಾಣ ಅಕ್ಕನಿಗೆ ಆಗುವುದಿಲ್ಲ ಎಂದು ಭಾವ ತೀರ್ಮಾನಿಸಿದರು. ಅಕ್ಕನ ಕೈ ಗಿಡ್ಡ, ಎಳೆಯುವ ಬಿಗಿ ಕಡಿಮೆ, ಬಾಣ ನಿಧಾನಕ್ಕೆ ಹೋಗುತ್ತದೆ. ನಿಧಾನಕ್ಕೆ ಹೋಗುವ ಬಾಣವನ್ನು ಬೇಗ ಹಿಡಿತಕ್ಕೆ ತರಲು ಪ್ಲಾಸ್ಟಿಕ್ಕಿಗಿಂತ ಹಕ್ಕಿಯ ಗರಿ ಒಳ್ಳೆಯದು: ತೂಕ ಕಡಿಮೆ, ಗಾಳಿಯನ್ನು ಹೆಚ್ಚು ಹಿಡಿಯುತ್ತದೆ, ಎಲ್ಲಾದರೂ ತಾಗಿದರೆ ಮಡಚಿಕೊಳ್ಳುತ್ತದೆ. ಮಳೆಗೆ ನೆನೆದರೆ ಮಾತ್ರ ಕೆಲಸಕ್ಕೆ ಬರುವುದಿಲ್ಲ. "ಇಲ್ಲಿ ಮಳೆ ಎಲ್ಲುಂಟು ಮಾರಾಯ," ಎಂದು ಆ ಸಮಸ್ಯೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ದುಬೈಯಲ್ಲಿ, ಅಲ್ ಬರ್ಷಾದಲ್ಲಿ ಇದ್ದವನು. ಅಲ್ಲಿಯ ಒಂದು ಅಂಗಡಿಯಲ್ಲಿ ಟರ್ಕಿ ಗರಿ ಸಿಗುತ್ತದೆ, ಮೂವತ್ತಾರು ಬೇಕು ಎಂದು ನನಗೆ ಅಪ್ಪಣೆಯಾಯಿತು.

ನಾನು ಬಹಳ ಶ್ರದ್ಧೆಯಿಂದ ಆರಿಸಿದೆ. ಹರಿದದ್ದಿಲ್ಲ, ಸುಕ್ಕಿಲ್ಲ, ಎಲ್ಲ ಒಂದೇ ಉದ್ದ. ಬನಿಯಾಸಿಗೆ ಹೋಗಿ ಮೇಜಿನ ಮೇಲೆ ಹರಡಿದೆ. ಭಾವ ಒಂದೊಂದನ್ನೇ ಬೆಳಕಿಗೆ ಹಿಡಿದು ಎರಡು ರಾಶಿ ಮಾಡಿದರು. ಕೊನೆಗೆ ಕನ್ನಡಕ ತೆಗೆದು, ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ ನನ್ನನ್ನು ನೋಡಿದರು.

"ಎಡದ ರೆಕ್ಕೆಯದ್ದು, ಬಲದ ರೆಕ್ಕೆಯದ್ದು, ಎರಡನ್ನೂ ಬೆರೆಸಿ ತಂದಿದ್ದಿಯಲ್ಲ?"

ಹಕ್ಕಿಗೆ ಎರಡು ರೆಕ್ಕೆ ಇರುತ್ತದೆಂದು ನನಗೆ ಗೊತ್ತಿತ್ತು. ಗರಿಗೆ ತಾನು ಯಾವ ರೆಕ್ಕೆಯದ್ದೆಂಬ ನೆನಪು ಇರುತ್ತದೆಂದು ಯಾರಿಗೆ ಗೊತ್ತು? ಎಡ ರೆಕ್ಕೆಯದ್ದು ಒಂದು ಕಡೆಗೆ ಬಾಗಿರುತ್ತದೆ, ಬಲ ರೆಕ್ಕೆಯದ್ದು ಇನ್ನೊಂದು ಕಡೆಗೆ. ಒಂದು ಬಾಣಕ್ಕೆ ಮೂರೂ ಒಂದೇ ರೆಕ್ಕೆಯವು ಆಗಬೇಕು. ಬೆರೆಸಿದರೆ ಒಂದು ಗರಿ ದುಬೈ ಕಡೆ ತಿರುಗು ಎನ್ನುತ್ತದಂತೆ, ಇನ್ನೊಂದು ಅಲ್ ಐನ್ ಕಡೆ ತಿರುಗು ಎನ್ನುತ್ತದಂತೆ; ಪಾಪದ ಬಾಣ ಏನು ಮಾಡಬೇಕು? ಎಣಿಸಿ ನೋಡಿದರೆ ಹತ್ತೊಂಬತ್ತು ಎಡ, ಹದಿನೇಳು ಬಲ. ಬಲದವನ್ನು ಒಂದು ಕವರಿನಲ್ಲಿ ಹಾಕಿ ನನ್ನ ಹೆಸರು ಬರೆದು ಎತ್ತಿಟ್ಟು, ಇನ್ನೂ ಹದಿನೇಳು ಎಡದವನ್ನು ನನ್ನಿಂದಲೇ ತರಿಸಿದರು. ಆ ಕವರು ಇವತ್ತಿಗೂ ಆ ಮನೆಯಲ್ಲಿದೆ.

ಗರಿಗೆ ಹಾಕುವ ಬಣ್ಣದ ವಿಷಯದಲ್ಲಿ ಅಕ್ಕನ ಮಾತು ನಡೆಯಿತು. ಭಾವ ಬಿಳಿ, ಹಳದಿ ಎಂದು ಯೋಚಿಸುತ್ತಿದ್ದರು. ಗುರಿ ತಪ್ಪಿದ ಬಾಣ ಮರಳಿನಲ್ಲಿ ಬೀಳುತ್ತದೆ, ಮರಳಿನಲ್ಲಿ ಹಳದಿ ಹುಡುಕುವವರು ಯಾರು ಎಂದು ಅಕ್ಕ ಕೇಳಿದಳು. ಕನಕಾಂಬರದ ಬಣ್ಣ ಇರಲಿ ಎಂದಳು. ಭಾವ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಇದು ನನಗೆ ಹೊಳೆಯಲಿಲ್ಲವಲ್ಲ ಎಂದರು. ಎರಡು ಕನಕಾಂಬರ, ಒಂದು ಬಿಳಿ ಎಂದು ನಿಶ್ಚಯವಾಯಿತು.

ಇನ್ನು ಲಿಪ್‌ಸ್ಟಿಕ್ಕಿನ ಪ್ರಸಂಗ. ಬಾಣ ಹೊರಡುವಾಗ ಗರಿ ಬಿಲ್ಲಿಗೆ ತಾಗುತ್ತದೆಯೋ ಎಂದು ಭಾವನಿಗೆ ಅನುಮಾನ. ತಿಳಿಯುವುದು ಹೇಗೆ? ಗರಿಯ ಅಂಚಿಗೆ ಲಿಪ್‌ಸ್ಟಿಕ್ ಹಚ್ಚಿ ಹೊಡೆದರೆ ತಾಗಿದ ಕಡೆ ಗುರುತು ಬೀಳುತ್ತದೆ ಎಂದು ಎಲ್ಲೋ ಓದಿದ್ದರು. ಅಕ್ಕನಿಗೆ ಲಿಪ್‌ಸ್ಟಿಕ್ಕಿನ ಅಭ್ಯಾಸವಿಲ್ಲ. ಭಾವ ಅಲ್ ಬರ್ಷಾಕ್ಕೆ ಬಂದಿದ್ದಾಗ ನನ್ನನ್ನು ಮಾಲಿಗೆ ಎಳೆದುಕೊಂಡು ಹೋದರು. ಅಲ್ಲಿಯ ಫಿಲಿಪಿನೋ ಹುಡುಗಿ ಬಹಳ ವಿನಯದಿಂದ, ಮೇಡಮ್ಮಿನ ಮೈಬಣ್ಣ ಯಾವುದು ಸರ್ ಎಂದು ಕೇಳಿದಳು. ಭಾವ ಗಂಭೀರವಾಗಿ, ಮೈ ಕಪ್ಪು, ಕಾರ್ಬನ್ನಿನದ್ದು, ಅಂಚು ಮಾತ್ರ ಕಿತ್ತಳೆ ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಚಾವಣಿಯ ದೀಪಗಳನ್ನು ಎಣಿಸತೊಡಗಿದೆ. ಬೇಗ ಒಣಗದ್ದು, ಸುಲಭವಾಗಿ ಅಂಟುವಂಥದ್ದು ಬೇಕು ಎಂದು ಭಾವ ಕೇಳಿದಾಗ ಆ ಹುಡುಗಿ, ಎಲ್ಲರೂ ಅಂಟದ್ದನ್ನೇ ಕೇಳುತ್ತಾರೆ ಸರ್ ಎಂದು ಸಣ್ಣ ದನಿಯಲ್ಲಿ ಹೇಳಿದಳು.

ಭಾವನ ಅಂಗಿಯ ಕಿಸೆಯಲ್ಲಿ ಅದು ಅಕ್ಕನ ಕೈಗೆ ಸಿಕ್ಕಿದಾಗ ಅವಳು ಅದನ್ನು ಅವರ ಊಟದ ತಟ್ಟೆಯ ಪಕ್ಕದಲ್ಲಿ ತಂದಿಟ್ಟಳಂತೆ. ಆಮೇಲೆ ಭಾವ ಬಾಣ ತಂದು ತೋರಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ತನಗೊಂದು ತಂದುಕೊಟ್ಟವರಲ್ಲ, ಬಾಣಕ್ಕೆ ತಂದಿದ್ದಾರೆ ಎಂದು ಅಕ್ಕ ನನ್ನಲ್ಲಿ ದೂರಿದಳು. ದೂರಿದಳು ಎಂದೆನೇ? ನಗುತ್ತಿದ್ದಳು. ಆ ಪರೀಕ್ಷೆಯಲ್ಲಿ ಬಿಲ್ಲಿನ ಮೇಲೆ ಒಂದು ಕೆಂಪು ಚುಕ್ಕೆ ಬಿದ್ದದ್ದು ಹೌದು. ಭಾವ ಹನ್ನೆರಡೂ ಬಾಣಗಳ ಗರಿ ಕಿತ್ತು ಅಕ್ಕಿಕಾಳಿನಷ್ಟು ತಿರುಗಿಸಿ ಮತ್ತೆ ಕೂರಿಸಿದರು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೇಟೆಯ ಅಲಗಿನದ್ದು. ಅಭ್ಯಾಸಕ್ಕೆ ಹಾಕುವ ಮೊಂಡು ತುದಿಯ ಬದಲು ಬೇಟೆಯ ಅಗಲವಾದ ಅಲಗು ಹಾಕಿದರೆ ಆ ಅಲಗೂ ಗಾಳಿಯನ್ನು ಹಿಡಿಯುತ್ತದೆ. ಮುಂದೊಂದು ರೆಕ್ಕೆ, ಹಿಂದೊಂದು ರೆಕ್ಕೆ, ಬಾಣ ಗೇಣುಗಟ್ಟಲೆ ಆಚೆ ಹೋಗುತ್ತದೆ. ಮೊಂಡು ತುದಿಯ ಬಾಣವೂ ಅಲಗಿನ ಬಾಣವೂ ಒಂದೇ ಕಡೆ ಬಿದ್ದರೆ ಮಾತ್ರ ಗರಿ ಸರಿಯಾಗಿದೆ ಎಂದರ್ಥ ಎಂದು ಹಾಜಿ ಹೇಳಿದ್ದರು. ಭಾವ ಉದ್ದ ಗರಿ ಹಾಕಿ ನೋಡಿದರು, ಗಿಡ್ಡ ನೋಡಿದರು, ಮೂರರ ಬದಲು ನಾಲ್ಕು ನೋಡಿದರು, ನೆಟ್ಟಗೆ ಕೂರಿಸಿದ್ದನ್ನು ಕಿತ್ತು ಸ್ವಲ್ಪ ಸುತ್ತಿಕೊಂಡಿರುವ ಹಾಗೆ ಕೂರಿಸಿ ನೋಡಿದರು. ಆರು ಶುಕ್ರವಾರ ಹೋಯಿತು. ಏಳನೆಯದಕ್ಕೆ ನಾನೂ ಇದ್ದೆ. ಅಕ್ಕ ಇಪ್ಪತ್ತು ಹೆಜ್ಜೆಯಿಂದ ಮೊದಲು ಮೊಂಡು ತುದಿಯದ್ದನ್ನು ಹೊಡೆದಳು, ಆಮೇಲೆ ಅಲಗಿನದ್ದನ್ನು. ನಾವೆಲ್ಲ ಹತ್ತಿರ ಹೋಗಿ ನೋಡಿದೆವು. ಎರಡು ಬಾಣಗಳ ನಡುವೆ ನನ್ನ ಹೆಬ್ಬೆರಳು ತೂರುವಷ್ಟು ಜಾಗವಿತ್ತು, ಅಷ್ಟೆ. ಹಾಜಿ ಆ ಎರಡೂ ಬಾಣಗಳನ್ನು ಮುಟ್ಟಿ, ಆಮೇಲೆ ಭಾವನ ಎರಡೂ ಕೈ ಹಿಡಿದುಕೊಂಡು ನಿಂತರು. ರೇಂಜು ನಡೆಸುವ ಕ್ಲಬ್ಬಿನವರು ಚಳಿಗಾಲದಲ್ಲಿ ಒಂದು ಸಣ್ಣ ಸ್ಪರ್ಧೆ ನಡೆಸುತ್ತಿದ್ದರು. ಅಕ್ಕನ ಹೆಸರನ್ನು ಹಾಜಿಯವರೇ ಬರೆಸಿದರು.

ಸ್ಪರ್ಧೆಗೆ ಐದು ವಾರವಿರುವಾಗ ಅಕ್ಕನ ಬಲಭುಜ ಹಿಡಿದುಕೊಂಡಿತು.

ಏನೂ ಆಗಿರಲಿಲ್ಲ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ. ಒಂದು ಬೆಳಿಗ್ಗೆ ಕಪಾಟಿನ ಮೇಲಿನ ಡಬ್ಬಿಗೆ ಕೈ ಚಾಚಿದಳು, ಕೈ ಎದೆಯ ಮಟ್ಟದಿಂದ ಮೇಲೆ ಹೋಗಲಿಲ್ಲ. ಈ ಪ್ರಾಯದಲ್ಲಿ ಕೆಲವರಿಗೆ ಹೀಗೆ ಭುಜ ಗಟ್ಟಿಯಾಗುತ್ತದೆ, ಬಿಡಲು ವರ್ಷವೂ ಹಿಡಿಯಬಹುದು ಎಂದರು ಡಾಕ್ಟರು. ಅಕ್ಕನಿಗೆ ಬೋರ್ಡಿನ ಮೇಲೆ ಬರೆಯಲಾಗಲಿಲ್ಲ, ರವಿಕೆ ಹಾಕಿಕೊಳ್ಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಬಿಲ್ಲಿನ ಮಾತೆತ್ತಿದರೆ, ಅದೆಲ್ಲ ಖಲಾಸ್, ಇನ್ನು ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಫೋನಿನಲ್ಲಿ ಅವಳ ದನಿ ಕೇಳುವಾಗ, ಮತ್ತೆ ಫೋಟೋಗಳಲ್ಲಿ ಯಾರದ್ದೋ ಹಿಂದೆ ಹೋಗಿ ನಿಂತವಳ ಹಾಗೆ ನನಗೆ ಅನ್ನಿಸುತ್ತಿತ್ತು.

ಭಾವ ಏನು ಮಾಡುತ್ತಿದ್ದಾರೆ ಎಂದು ಒಂದು ದಿನ ಕೇಳಿದೆ. ಗರಿ ಕೂರಿಸುತ್ತಿದ್ದಾರೆ ಎಂದಳು. ಹೊಸ ಕಡ್ಡಿಗಳ ಒಂದು ಕಟ್ಟು ತರಿಸಿದ್ದಾರೆ, ಕೆಲಸದಿಂದ ಬಂದವರು ನೇರ ಆ ಕೋಣೆಗೇ ಹೋಗುತ್ತಾರೆ.

ನನಗೆ ನೆತ್ತಿಗೇರಿತು. ಹೆಂಡತಿ ಕೈ ಎತ್ತಲಾರದೆ ಕೂತಿರುವಾಗ ಯಾವ ಬೇಟೆಗೆ ಈ ಬಾಣ? ಆ ಶುಕ್ರವಾರ ಬೆಳಿಗ್ಗೆಯೇ ಕಾರು ಹತ್ತಿದೆ. ಬೈಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಭಾವ ಅದೇ ಪ್ಲಾಸ್ಟಿಕ್ ಟೋಪಿಯಲ್ಲಿ ಮೇಜಿನ ಮುಂದೆ ಕೂತಿದ್ದರು. ನಾನು ಬಾಗಿಲಲ್ಲೇ ನಿಂತು ಶುರು ಮಾಡಿದೆ. ಅವಳಿಗೆ ತಲೆ ಬಾಚಿಕೊಳ್ಳಲಿಕ್ಕೂ ಆಗುವುದಿಲ್ಲ, ನಿಮಗೆ ಗರಿಯದ್ದೇ ಚಿಂತೆಯಾ ಎಂದೆ. ಇನ್ನೂ ಏನೇನೋ ಅಂದೆ. ಭಾವನ ತುಟಿ ಮಾತ್ರ ಅಲುಗುತ್ತಿತ್ತು. ನನ್ನ ಬೈಗುಳದ ನಡುವೆ ಅವರು ಅರವತ್ತರವರೆಗೆ ಎಣಿಸುತ್ತಿದ್ದರು!

ಎಣಿಸಿ ಮುಗಿಸಿ, ಇಕ್ಕಳ ಬಿಡಿಸಿ, ಗ್ಲೌಸು ತೆಗೆದು ಎದ್ದರು. ಗೋಡೆಯ ಕಪಾಟಿನ ಬಾಗಿಲು ತೆರೆದರು. ಒಳಗೆ ಏಳು ಸಾಲು, ಒಂದೊಂದು ಸಾಲಿನಲ್ಲಿ ಮೂರು ಮೂರು ಬಾಣ. ಕೆಳಗೆ ಅವರ ಇರುವೆ ಅಕ್ಷರದಲ್ಲಿ ಬಿಲ್ಲಿನ ಬಿಗಿ ಬರೆದ ಚೀಟಿ: ಹತ್ತು ಪೌಂಡು, ಹದಿಮೂರು ಪೌಂಡು, ಹದಿನಾರು, ಹೀಗೆ. ಕೊನೆಯ ಸಾಲು ಅಕ್ಕ ಮೊದಲು ಎಳೆಯುತ್ತಿದ್ದ ಬಿಗಿಯದ್ದು.

"ಡಾಕ್ಟ್ರು ಹೇಳಿದ್ದಾರಲ್ಲ, ಸ್ವಲ್ಪ ಸ್ವಲ್ಪವೇ ಬಿಡ್ತದೆ ಅಂತ," ಎಂದರು. "ಹಾಜಿಯವರು ಬಿಲ್ಲನ್ನು ಪೂರ್ತಿ ಸಡಿಲ ಮಾಡಿಸಿ ಇಟ್ಟಿದ್ದಾರೆ. ಅಷ್ಟು ಕಮ್ಮಿ ಬಿಗಿಗೆ ಅವಳ ಹಳೆ ಬಾಣ ಹೋಗುದಿಲ್ಲ. ಅಡ್ಡಡ್ಡ ಹೋಗ್ತದೆ."

ಹೋದರೇನಾಯಿತು ಎಂದೆ. ನನ್ನ ದನಿ ಆಗಲೇ ಇಳಿದಿತ್ತು.

"ಅವಳು ಬಾಣದ್ದು ತಪ್ಪು ಅಂತ ಗ್ರಹಿಸುದಿಲ್ಲ ಮಾರಾಯ. ತನ್ನ ಕೈಯದ್ದು ಅಂತ ಗ್ರಹಿಸ್ತಾಳೆ. ಮತ್ತೆ ಕೈ ಎತ್ತುದಿಲ್ಲ."

ನಾನು ಕಪಾಟಿನ ಮುಂದೆ ನಿಂತೇ ಇದ್ದೆ. ಮೊದಲ ಸಾಲಿನ ಬಾಣಗಳು ಹುಲ್ಲುಕಡ್ಡಿಯಷ್ಟು ಹಗುರ, ಗರಿ ಮಾತ್ರ ದೊಡ್ಡದು. ಸಾಲು ಮುಂದೆ ಹೋದ ಹಾಗೆ ಕಡ್ಡಿ ಗಟ್ಟಿಯಾಗುತ್ತಿತ್ತು, ಗರಿ ಸಣ್ಣದಾಗುತ್ತಿತ್ತು. ಎಲ್ಲದಕ್ಕೂ ಎರಡು ಕನಕಾಂಬರ, ಒಂದು ಬಿಳಿ. ಅಷ್ಟರಲ್ಲಿ ಅಕ್ಕ ಬಂದು ಚಾ ಬೇಕಾ ಎಂದು ಕೇಳಿದಳು. ಹಿಂದಿನ ದಿನ ಹೆಣೆದ ಅವಳ ಜಡೆ ಹಾಗೇ ಇತ್ತು, ಎಲ್ಲೂ ಒಂದು ಎಳೆ ಹೊರಗಿಲ್ಲ. ಬೈತಲೆ ಸ್ಕೇಲು ಇಟ್ಟು ಗೆರೆ ಹಾಕಿದಷ್ಟು ನೇರ. ಅಕ್ಕನಿಗೆ ಅವಳ ಜೀವಮಾನದಲ್ಲಿ ಅಷ್ಟು ನೇರ ಬೈತಲೆ ತೆಗೆಯಲು ಬಂದದ್ದಿಲ್ಲ. ಯಾರು ಹೆಣೆದದ್ದೆಂದು ನಾನು ಕೇಳಲಿಲ್ಲ. ಚಾ ಕುಡಿದು, ತಲೆ ತಗ್ಗಿಸಿಕೊಂಡು ದುಬೈಗೆ ವಾಪಸಾದೆ.

ಸ್ಪರ್ಧೆ ಅಕ್ಕನಿಲ್ಲದೆ ನಡೆದುಹೋಯಿತು. ಬೇಸಗೆ ಕಳೆಯಿತು, ಮತ್ತೆ ಚಳಿ ಬಂತು. ವ್ಯಾಯಾಮ ಮಾಡಿ ಮಾಡಿ ಅಕ್ಕನ ಕೈ ಹೆಗಲ ಮಟ್ಟಕ್ಕೆ ಏಳತೊಡಗಿತು. ಭಾವ ಒಮ್ಮೆಯೂ ಬಿಲ್ಲಿನ ಮಾತೆತ್ತಲಿಲ್ಲವಂತೆ. ಕಡೆಗೆ ಒಂದು ಗುರುವಾರ ಅಕ್ಕನೇ, ಹಾಜಿಯವರನ್ನು ನೋಡದೆ ಬಹಳ ದಿನವಾಯಿತು ಎಂದಳಂತೆ. ಭಾವ ನನಗೆ ಫೋನು ಮಾಡಿ, ನಾಳೆ ಬರ್ತಿಯಾ ಎಂದಷ್ಟೇ ಕೇಳಿದರು.

ರೇಂಜಿನಲ್ಲಿ ಬೆಳಗಿನ ಬಿಸಿಲು ಹಿತವಾಗಿತ್ತು. ಹಾಜಿ ಕುರ್ಚಿಯಲ್ಲಿ ಕೂತಿದ್ದರು. ಭಾವ ಮೊದಲ ಸಾಲಿನ ಮೂರು ಬಾಣ ತಂದಿದ್ದರು. ಎಂಟೇ ಹೆಜ್ಜೆ ದೂರಕ್ಕೆ ಕರಡಿಯನ್ನು ಎಳೆದು ಇಡಿಸಿದ್ದರು. ಅಕ್ಕ ಬಿಲ್ಲು ಎತ್ತಿದಳು, ಎಳೆದಳು. ಮೊಣಕೈ ಅರ್ಧದಲ್ಲಿ ನಿಂತಿತು. ಇಳಿಸಿಬಿಟ್ಟಳು. ಅವಳು ತುಟಿ ಕಚ್ಚಿಕೊಂಡು ಇನ್ನೊಮ್ಮೆ ಎತ್ತಿದಳು. ಮೊಣಕೈ ಅದೇ ಜಾಗಕ್ಕೆ ಬಂದು ತಡೆಯಿತು, ನಡುಗಿತು, ಆಮೇಲೆ ನಿಧಾನವಾಗಿ ಅದನ್ನು ದಾಟಿ ಹಿಂದಕ್ಕೆ ಹೋಯಿತು. ಹೆದೆ ಅವಳ ಕೆನ್ನೆಗೆ ಬಂತು. ಬಿಟ್ಟಳು.

ನನ್ನ ಕಣ್ಣು ಮಂಜಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಬಾಣ ಹೋದದ್ದು ಕಾಣಲಿಲ್ಲ. ಪಕ್ಕದಲ್ಲಿದ್ದ ಭಾವನನ್ನು, ಎಲ್ಲಿ ಬಿತ್ತು ಭಾವ ಎಂದು ಕೇಳಿದೆ.

"ನಾನು ನೋಡ್ಲಿಲ್ಲ," ಎಂದರು. ಅವರು ಇನ್ನೂ ಅಕ್ಕನ ಕಡೆಗೇ ನೋಡುತ್ತಿದ್ದರು. "ಅವಳ ಕೈ ಎಲ್ಲಿವರೆಗೆ ಹೋಯ್ತು, ನೀನು ನೋಡಿದ್ಯಾ?"